ಹೆಸರಿಲ್ಲದ ವೈಸಿಗೆ ಯಾವ ಊರು?

ಶಹಾಬಾದ್ ಅಂದರೆ ನಾಡಿನ ಬಹಳ ಜನಕ್ಕೆ ನೆನಪಾಗುವುದು ಮನೆಯ ನೆಲಕ್ಕೆ ಹಾಸಿದ ಫರಸಿ ಕಲ್ಲು. ವಾಡಿ, ಸೇಡಂ ಅಂದರೆ ಸಿಮೆಂಟು. ಚಿತ್ತಾಪುರ ಅಂದರೆ ಸನ್ನತಿ, ಚಿಂಚೋಳಿ ಅಂದರೆ ಚಂದ್ರಂಪಳ್ಳಿಯ ಅಣೆಕಟ್ಟು ಮತ್ತು ಕಾಡು. ಕಲಬುರಗಿ ಜಿಲ್ಲೆಯ ಈ ಪೂರ್ವ-ದಕ್ಷಿಣದ ಪಟ್ಟಿಯ ಬಗ್ಗೆ ಬರೆದವರೆಲ್ಲ ನೆಲದಡಿಯ ಸುಣ್ಣಕಲ್ಲಿನಿಂದಲೇ ಶುರು ಮಾಡುತ್ತಾರೆ. ಅದು ಸರಿಯೇ. ಆದರೆ ಆ ಕಲ್ಲನ್ನು ಸೀಳಿದ, ಅರೆದ, ಸುಟ್ಟ, ಸಾಗಿಸಿದ ಯಂತ್ರಗಳು ತಾವಾಗಿಯೇ ನಡೆಯಲಿಲ್ಲ. ಅವು ಕೆಟ್ಟವು, ಮುರಿದವು, ಸವೆದವು. ಯಾರೋ ಒಬ್ಬ ಫಿಟ್ಟರ್ ಮುರಿದ ತುಂಡನ್ನು ವೈಸಿಗೆ ಕಚ್ಚಿಸಿ, ಅರ ಹಾಕಿ ಉಜ್ಜಿ, ಮತ್ತೆ ಕೂಡಿಸಿದ. ಮರುದಿನ ಯಂತ್ರ ತಿರುಗಿತು. ಕಂಪನಿಯ ಚರಿತ್ರೆ ವಾರ್ಷಿಕ ವರದಿಗಳಲ್ಲಿ ಸಿಗುತ್ತದೆ, ರೈಲಿನ ಚರಿತ್ರೆ ಗೆಜೆಟಿಯರುಗಳಲ್ಲಿ ಸಿಗುತ್ತದೆ. ಫಿಟ್ಟರನ ಚರಿತ್ರೆ ಎಲ್ಲಿ ಸಿಗುತ್ತದೆ?

ನನ್ನ ಸಂಶೋಧನೆ ಈ ಭಾಗದ ಕಾರ್ಖಾನೆ ಕೆಲಸಗಾರರ ಬದುಕಿನ ಮೇಲಿದೆ. ಅದಕ್ಕೆಂದು ವಾಡಿಯಲ್ಲಿ ಒಬ್ಬ ನಿವೃತ್ತ ಫಿಟ್ಟರ್ ಅವರೊಂದಿಗೆ ಹಲವು ತಿಂಗಳು ಮಾತಾಡುತ್ತಿದ್ದೆ. ಅವರನ್ನು ಕಾಕಾ ಎಂದೇ ಕರೆಯುತ್ತೇನೆ. ಅವರ ಮನೆಯ ಹಿತ್ತಲಲ್ಲಿ, ತಗಡಿನ ಚಪ್ಪರದ ಕೆಳಗೆ, ಇಪ್ಪತ್ತು ಕಿಲೋ ಹತ್ತಿರ ತೂಗುವ ಹಳೆಯ ಬೆಂಚ್ ವೈಸ್ ಒಂದಿತ್ತು. ಅವರ ತಂದೆ ಶಹಾಬಾದಿನ ವರ್ಕ್‌ಶಾಪೊಂದರಲ್ಲಿ ದುಡಿದವರು, ವೈಸ್ ಅವರಿಂದ ಬಂದದ್ದು. ಊರಿಗೆ ಹೊರಟ ಇಂಗ್ಲೆಂಡಿನ ಸಾಹೇಬರೊಬ್ಬರು ಅದನ್ನು ಮೆಚ್ಚಿ ಕೊಟ್ಟುಹೋದರು ಎಂಬುದು ಮನೆಮಂದಿಯ ಮಾತು. ಅದರ ಮೇಲೆ ಹೆಸರಿಲ್ಲ, ನಂಬರಿಲ್ಲ, ದೇಶವಿಲ್ಲ. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿದ್ದ. ಹಳೆಯ ಸಾಮಾನು ಕೊಳ್ಳುವ ಹೈದರಾಬಾದಿನ ಒಬ್ಬರು ಮಾತ್ರ, ಇದು ಇಂಗ್ಲೆಂಡಿನದು ಎಂದು ತಿಳಿದವರು ಬರೆದುಕೊಟ್ಟರೆ ಅದರ ಹತ್ತು ಪಟ್ಟು ಕೊಡುವುದಾಗಿ ಹೇಳಿದ್ದರು. ಕಾಕಾನ ಮೊಮ್ಮಗಳ ಡಿಪ್ಲೊಮಾ ಫೀಸಿನ ದಿನ ಹತ್ತಿರವಿತ್ತು. "ನೀ ಯೂನಿವರ್ಸಿಟಿಯಾಂವ ಇದ್ದಿ ತಮ್ಮ, ಎರಡು ಸಾಲು ಬರ್ದು ಕೊಡು" ಅಂದರು. ಬರೆಯುವ ಮುಂಚೆ ನೋಡುತ್ತೇನೆ ಕಾಕಾ, ಅಂದೆ.

ಹೆಸರಿಲ್ಲದ ವಸ್ತುವನ್ನು ಗುರುತಿಸುವ ಕೆಲಸ ಈ ನೆಲಕ್ಕೆ ಹೊಸದಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ 1986ರಲ್ಲಿ ಕಾಳಿಕಾ ಗುಡಿಯ ಛಾವಣಿ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲನ್ನು ನೋಡಿದರೆ ಅದರ ಮೇಲೆ ಅಶೋಕನ ಶಾಸನ! ಎಷ್ಟೋ ಶತಮಾನಗಳ ಹಿಂದೆ ಯಾರೋ ಅದನ್ನು ಒಳ್ಳೆಯ ಗಟ್ಟಿ ಕಲ್ಲು ಎಂದು ತಂದು, ಮೂರ್ತಿ ಕೂರಿಸಲು ನಡುವೆ ತೂತು ಕೊರೆದು ಬಳಸಿಕೊಂಡಿದ್ದರು. ಪಕ್ಕದ ಕನಗನಹಳ್ಳಿಯ ಸ್ತೂಪದ ಉತ್ಖನನದಲ್ಲಿ ಅಶೋಕನ ಶಿಲ್ಪವೂ ಸಿಕ್ಕಿತು. ಅದು ಅಶೋಕನೇ ಎಂದು ಇಂದು ಧೈರ್ಯವಾಗಿ ಹೇಳುವುದು ಶಿಲ್ಪಿ ಬ್ರಾಹ್ಮಿ ಲಿಪಿಯಲ್ಲಿ ರಾಜನ ಹೆಸರನ್ನೂ ಕೆತ್ತಿದ್ದರಿಂದ. ಅದಕ್ಕೂ ಮುಂಚೆ, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕದ್ದು 'ದೇವಾನಾಂಪ್ರಿಯ' ಎಂಬ ಬಿರುದು. ಅದನ್ನು ಅಶೋಕನೆಂಬ ಹೆಸರಿನೊಂದಿಗೆ ಕಲ್ಲಿನ ಮೇಲೆಯೇ ಜೋಡಿಸಿ ತೋರಿಸಿದ್ದು ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ, 1915ರಲ್ಲಿ. ಇದರಿಂದ ಎರಡು ಪಾಠ ಕಲಿಯಬಹುದು. ಹೆಸರು ಇದ್ದರೆ ಕೆಲಸ ಸುಲಭ. ಹೆಸರು ಇಲ್ಲದಿದ್ದರೆ ವಸ್ತುವಿನ ಮೈ ಏನು ಹೇಳುತ್ತದೆಯೋ ಅಷ್ಟನ್ನೇ ಕೇಳಬೇಕು, ನಮಗೆ ಬೇಕಾದದ್ದನ್ನು ಅದರ ಬಾಯಿಗೆ ತುರುಕಬಾರದು.

ಮೊದಲು, ಇಂಗ್ಲೆಂಡಿನ ವೈಸ್ ಇಲ್ಲಿಗೆ ಬಂದಿರಲು ಸಾಧ್ಯವೇ? ಖಂಡಿತ ಸಾಧ್ಯ. ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಈ ದಾರಿಯಾಗಿ ಸಾಗಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಹೈದರಾಬಾದಿನ ಕಡೆಗೆ ಹೊರಟಿತು. ವಾಡಿ ಎಂಬ ಊರು ಜಂಕ್ಷನ್ ಆದದ್ದು ಹೀಗೆ. ರೈಲು ಬಂದಲ್ಲಿ ಲೋಕೋ ಶೆಡ್ಡು, ಶೆಡ್ಡು ಇದ್ದಲ್ಲಿ ಫಿಟ್ಟರು, ಫಿಟ್ಟರು ಇದ್ದಲ್ಲಿ ವೈಸು. ಆಮೇಲೆ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಎದ್ದಿತು. 1936ರಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಒಂದಾಗಿ ಎಸಿಸಿ ಹುಟ್ಟಿದಾಗ ಶಹಾಬಾದ್ ಸಿಮೆಂಟ್ ಕೂಡ ಅದರೊಳಗೆ ಸೇರಿತು. ವಾಡಿಯ ಎಸಿಸಿ ಕಾರ್ಖಾನೆ 1968ರದು. ಸೇಡಂ ಮತ್ತು ಮಳಖೇಡದ ದೊಡ್ಡ ಕಾರ್ಖಾನೆಗಳು ಬಂದದ್ದು ಎಂಬತ್ತರ ದಶಕದಲ್ಲಿ. ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರಿನ ಪಕ್ಕದಲ್ಲಿ ಈಗ ಗೂಡುಗಳ ಚಿಮಣಿ ಕಾಣುತ್ತವೆ. ಇವುಗಳ ಪೈಕಿ ಮೊದಲಿನ ವರ್ಕ್‌ಶಾಪುಗಳ ಉಪಕರಣಗಳೆಲ್ಲ ಹೊರಗಿನಿಂದಲೇ ಬರಬೇಕಾಗಿದ್ದ ಕಾಲವೊಂದಿತ್ತು.

ಆದರೆ ವಿಲಾಯತಿ ವೈಸುಗಳಿಗೆ ಸಾಮಾನ್ಯವಾಗಿ ಹೆಸರಿರುತ್ತದೆ. ಯಾರ್ಕ್‌ಷೈರಿನ ಶಿಪ್ಲಿಯ ಪಾರ್ಕಿನ್‌ಸನ್, ಶೆಫೀಲ್ಡಿನ ರೆಕಾರ್ಡ್, ಅಮೆರಿಕದ ಕನೆಕ್ಟಿಕಟ್‌ನ ಚಾರ್ಲ್ಸ್ ಪಾರ್ಕರ್ ಇವರೆಲ್ಲ ಹೆಸರನ್ನು ಎರಕದಲ್ಲೇ ದಪ್ಪಕ್ಷರದಲ್ಲಿ ಮೂಡಿಸುತ್ತಿದ್ದರು. ಹೆಸರೇ ಅವರ ಬಂಡವಾಳ. ಪರದೇಶದ ಮಾಲಿನ ಮೇಲೆ ಮೂಲದ ಗುರುತನ್ನು ಕುರಿತು ಬ್ರಿಟನ್ನಿನಲ್ಲಿ 1887ರಲ್ಲಿ, ಬ್ರಿಟಿಷ್ ಇಂಡಿಯಾದಲ್ಲಿ 1889ರಲ್ಲಿ ಕಾನೂನು ಬಂದವು. ಸರ್ಕಾರಿ ಮಾಲಾದರೆ ಬಾಣದ ಗುರುತು, ರೈಲ್ವೆಯದಾದರೆ ಕಂಪನಿಯ ಅಕ್ಷರಗಳು ಬೀಳುತ್ತಿದ್ದವು. ಕಾಕಾನ ವೈಸಿನಲ್ಲಿ ಇವು ಯಾವುವೂ ಕಾಣಲಿಲ್ಲ. ಆದರೆ ಕಾಣಲಿಲ್ಲ ಎಂದ ಮಾತ್ರಕ್ಕೆ ಇರಲಿಲ್ಲ ಎಂದಲ್ಲ. ಮೈತುಂಬ ಸಿಮೆಂಟಿನ ಧೂಳು, ಎಣ್ಣೆ, ತುಕ್ಕು ಕಲೆತು ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಅದರ ಮೇಲೆ ಮೂರು ಬಾರಿ ಬಣ್ಣ.

ಆದ್ದರಿಂದ ತೊಳೆಯುವುದರಿಂದಲೇ ಓದು ಶುರುವಾಯಿತು. ಗ್ರೈಂಡರ್ ಹಿಡಿದು ಫಳಫಳ ಮಾಡುವುದು ಸುಲಭ, ಹಾಗೆ ಮಾಡಿದರೆ ಸಾಕ್ಷಿಯೆಲ್ಲ ಧೂಳಾಗಿ ಹಾರಿಹೋಗುತ್ತದೆ. ಹಳೆಯ ಕೆಂಪು ಪ್ರೈಮರಿನಲ್ಲಿ ಸೀಸ ಇರುವ ಸಾಧ್ಯತೆಯೂ ಇದೆ, ಒಣದಾಗಿ ಉಜ್ಜಿದರೆ ಅದು ಎದೆಯೊಳಗೆ ಹೋಗುತ್ತದೆ. ನಾಲ್ಕು ದಿನ ಸೀಮೆಎಣ್ಣೆಯಲ್ಲಿ ನೆನೆಸಿ, ಮರದ ಚಕ್ಕೆಯಿಂದ ಕೆರೆದು, ಹಿತ್ತಾಳೆ ತಂತಿಯ ಬ್ರಷ್ಷಿನಿಂದ ಒದ್ದೆಯಲ್ಲೇ ತಿಕ್ಕಿದೆವು. ಬಿಗಿದು ಕೂತಿದ್ದ ಸ್ಕ್ರೂವನ್ನು ಸುತ್ತಿಗೆಯಿಂದ ಬಡಿಯಲಿಲ್ಲ. ದಿನಾ ಎರಡು ಹನಿ ಎಣ್ಣೆ, ದಿನಾ ಸ್ವಲ್ಪ ಒತ್ತಡ. ಐದನೆಯ ದಿನ ಕಿರ್ರ್ ಎಂದು ತಿರುಗಿತು. ಬಿಚ್ಚಿದ ಭಾಗಗಳನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ವಾಷಿಂಗ್ ಸೋಡಾ ಬೆರೆಸಿದ ನೀರಿಗೆ ಇಳಿಸಿ, ಬ್ಯಾಟರಿ ಚಾರ್ಜರಿನ ಋಣ ತುದಿಯನ್ನು ವೈಸಿಗೂ ಧನ ತುದಿಯನ್ನು ಹಳೆಯ ಕಬ್ಬಿಣದ ತಗಡಿಗೂ ಕೊಟ್ಟೆವು. ತುಕ್ಕು ಸಡಿಲಾಗುತ್ತದೆ, ಕೆಳಗಿನ ಲೋಹ ಸವೆಯುವುದಿಲ್ಲ. ಇದನ್ನು ಬಯಲಿನಲ್ಲೇ ಮಾಡಬೇಕು, ಏಕೆಂದರೆ ಹೊರಬರುವ ಹೈಡ್ರೋಜನ್ ಕಿಡಿ ತಾಗಿದರೆ ಹೊತ್ತುತ್ತದೆ. ತಗಡಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಹಾಕಬಾರದು, ಅದರಿಂದ ವಿಷದ ಕ್ರೋಮಿಯಂ ನೀರಿಗಿಳಿಯುತ್ತದೆ.

ಬೆಳಿಗ್ಗೆ ಎತ್ತಿ ತೊಳೆದಾಗ ವೈಸಿನ ಬಲ ಮಗ್ಗುಲಲ್ಲಿ ಒಂದು ಆಯತ ಕಂಡಿತು. ಸುತ್ತ ತೆಳುವಾದ ಉಬ್ಬು ಅಂಚು, ನಡುವೆ ಖಾಲಿ. ಹೆಸರು ಇರಬೇಕಾದ ಜಾಗ ಅದು! ಕಾಕಾ ಕಣ್ಣರಳಿಸಿ, "ನೋಡು, ಹೆಸರು ಇತ್ತು, ಯಾರೋ ಕಿತ್ತಾರ" ಅಂದರು.

ಇಲ್ಲಿಂದ ಮುಂದೆ ಎರಡು ಸಾಧ್ಯತೆ. ಒಂದು, ಹೆಸರಿದ್ದು ಯಾರೋ ಉಜ್ಜಿ ತೆಗೆದಿರಬೇಕು. ಎರಡು, ಅಲ್ಲಿ ಹೆಸರು ಮೂಡಿಯೇ ಇರಲಿಕ್ಕಿಲ್ಲ. ಎರಡನ್ನೂ ಬೇರ್ಪಡಿಸುವ ಸಾಕ್ಷಿ ಆ ಆಯತದೊಳಗೇ ಇತ್ತು. ಬೀಡು ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದಾಗ ಮೇಲ್ಮೈಗೆ ಮರಳಿನ ಸಣ್ಣ ಹರಳಿನ ಒರಟು ಬರುತ್ತದೆ. ಅದನ್ನು ಎರಕದ ಚರ್ಮ ಅನ್ನಬಹುದು. ಅರ ಅಥವಾ ಗ್ರೈಂಡರ್ ಹಾಕಿದರೆ ಆ ಚರ್ಮ ಹೋಗಿ ಗೀರು ಉಳಿಯುತ್ತದೆ. ಭೂತಗನ್ನಡಿ ಹಿಡಿದು, ಓರೆ ಬೆಳಕಿನಲ್ಲಿ ನೋಡಿದೆವು. ಆಯತದೊಳಗೆ ಗೀರಿಲ್ಲ. ಹೊರಗಿನ ಮೈಯಲ್ಲಿದ್ದ ಮರಳಿನ ಒರಟೇ ಒಳಗೂ ಇತ್ತು. ಅಂದರೆ ಈ ವೈಸಿನ ಮೇಲೆ ಹೆಸರು ಯಾವತ್ತೂ ಇರಲಿಲ್ಲ, ಹೆಸರಿನ ಚೌಕಟ್ಟು ಮಾತ್ರ ಇತ್ತು.

ಹೆಸರು ಹಾಕದವನು ಚೌಕಟ್ಟನ್ನು ಯಾಕೆ ಮಾಡಿದ? ಇದಕ್ಕೆ ಉತ್ತರ ಫೌಂಡ್ರಿಯ ಲೆಕ್ಕದಲ್ಲಿದೆ. ಎರಕ ಹೊಯ್ಯಲು ಮೊದಲು ಮರದ ಮಾದರಿ ಬೇಕು. ಕರಗಿದ ಬೀಡು ಆರುವಾಗ ಅಡಿಗೆ ಸುಮಾರು ಎಂಟನೇ ಒಂದು ಇಂಚು, ಅಂದರೆ ಹೆಚ್ಚು ಕಡಿಮೆ ನೂರಕ್ಕೆ ಒಂದು ಭಾಗ ಕುಗ್ಗುತ್ತದೆ. ಅದಕ್ಕೆ ಮಾದರಿ ಮಾಡುವ ಬಡಗಿ ಆ ಕುಗ್ಗುವಿಕೆಯನ್ನು ಮೊದಲೇ ಸೇರಿಸಿದ ಬೇರೆ ಅಳತೆಪಟ್ಟಿಯನ್ನೇ ಬಳಸುತ್ತಾನೆ. ಆದರೆ ಒಬ್ಬ ಚಿಕ್ಕ ಫೌಂಡ್ರಿಯವನು ಹೊಸ ಮಾದರಿ ಮಾಡುವ ಖರ್ಚಿಲ್ಲದೆ, ಯಾರದೋ ಒಳ್ಳೆಯ ವೈಸನ್ನು ಬಿಚ್ಚಿ, ಅದರ ಹೆಸರನ್ನು ಮೇಣದಿಂದಲೋ ಲಪ್ಪದಿಂದಲೋ ಮುಚ್ಚಿ, ಅದನ್ನೇ ಮರಳಿನಲ್ಲಿ ಒತ್ತಿ ಎರಕ ತೆಗೆದರೆ? ಹೆಸರು ಹೋಗುತ್ತದೆ, ಚೌಕಟ್ಟು ಉಳಿಯುತ್ತದೆ. ಅಂಚುಗಳೆಲ್ಲ ಸ್ವಲ್ಪ ಮೊಂಡಾಗುತ್ತವೆ. ಮತ್ತು ನಕಲು ಮೂಲಕ್ಕಿಂತ ನೂರಕ್ಕೆ ಒಂದರಷ್ಟು ಚಿಕ್ಕದಾಗುತ್ತದೆ.

ಯಂತ್ರ ತಾಗದ, ಎರಕದಲ್ಲಿ ಬಂದಂತೆಯೇ ಇದ್ದ ಜಾಗಗಳನ್ನು ವರ್ನಿಯರ್ ಹಿಡಿದು ಅಳೆದೆವು. ದವಡೆಯ ಅಗಲ 113 ಮಿಲಿಮೀಟರು. ಬುಡದ ಅಗಲ 176. ಉದ್ದದ ಒಂದು ಭಾಗ 226. ಮಿಲಿಮೀಟರಿನಲ್ಲಿ ಇವು ಗುಂಡು ಸಂಖ್ಯೆಗಳಲ್ಲ, ಇಂಚಿನಲ್ಲೂ ಅಲ್ಲ. ಆದರೆ ನಾಲ್ಕೂವರೆ ಇಂಚು ಎಂದರೆ 114.3, ಏಳು ಇಂಚು ಎಂದರೆ 177.8, ಒಂಬತ್ತು ಇಂಚು ಎಂದರೆ 228.6. ಮೂರೂ ಅಳತೆಗಳು ಇಂಚಿನ ಗುಂಡು ಸಂಖ್ಯೆಗಿಂತ ನೂರಕ್ಕೆ ಒಂದರಷ್ಟು ಕಡಿಮೆ. ಒಂದು ಅಳತೆಯಾಗಿದ್ದರೆ ತುಕ್ಕಿನ ಆಟ ಎನ್ನಬಹುದಿತ್ತು, ಮೂರೂ ಒಂದೇ ಮಾತು ಹೇಳುತ್ತಿದ್ದವು.

ಮೂಲ ಯಾವ ದೇಶದ್ದು ಎಂಬುದಕ್ಕೆ ಸ್ಕ್ರೂ ಥ್ರೆಡ್ಡನ್ನು ಕೇಳಿದೆವು. ಬುಡದ ಬೋಲ್ಟುಗಳು ಬದಲಾಗಿರಬಹುದು, ಎರಕದ ಮೈಯೊಳಗೆ ಕೊರೆದ ಥ್ರೆಡ್ ಸುಲಭಕ್ಕೆ ಬದಲಾಗುವುದಿಲ್ಲ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಇಂಗ್ಲೆಂಡಿನಲ್ಲಿ ಸ್ಕ್ರೂಗಳಿಗೆ ಒಂದೇ ಅಳತೆ ಇರಲಿ ಎಂದು ಮುಂದಿಟ್ಟ ಕ್ರಮದಲ್ಲಿ ಅರ್ಧ ಇಂಚಿನ ಬೋಲ್ಟಿಗೆ ಇಂಚಿಗೆ 12 ಎಳೆ, ಎಳೆಯ ಕೋನ 55 ಡಿಗ್ರಿ. ಅಮೆರಿಕದ ಅರ್ಧ ಇಂಚಿಗೆ 13 ಎಳೆ, ಕೋನ 60. ಕಾಕಾನ ಹಳೆಯ ಥ್ರೆಡ್ ಗೇಜು ಅವರ ಪೆಟ್ಟಿಗೆಯಲ್ಲೇ ಇತ್ತು. ತೂತಿನೊಳಗೆ ಹದ ಮಾಡಿದ ಮೇಣ ಒತ್ತಿ ತೆಗೆದು ಅದಕ್ಕೆ ಗೇಜು ಹಿಡಿದರೆ 12ರ ಹಲ್ಲು ಬೆಳಕು ಬಿಡದಂತೆ ಕೂತಿತು. ಅಂದರೆ ಇದನ್ನು ಕೊರೆದ ಕೈ ವಿಟ್‌ವರ್ತ್ ಕ್ರಮದಲ್ಲಿ ಪಳಗಿದ ಕೈ. ಅದು ಇಂಗ್ಲೆಂಡಿನ ಕೈಯೇ ಆಗಬೇಕೆಂದಿಲ್ಲ. ಇಂಡಿಯಾದ ವರ್ಕ್‌ಶಾಪುಗಳೂ ಕಲಿತದ್ದು ಅದೇ ಕ್ರಮವನ್ನು. 1956ರ ತೂಕ ಮತ್ತು ಅಳತೆಗಳ ಕಾಯ್ದೆ ಮೆಟ್ರಿಕ್ ತಂದ ಮೇಲೂ ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ 'ಅರ್ಧ ಇಂಚಿನ ಬೋಲ್ಟು' ಸಾಯಲಿಲ್ಲ. ಹಾಗಾಗಿ ಇದು ಇಂಚಿನಲ್ಲಿ ಯೋಚಿಸುತ್ತಿದ್ದ ವರ್ಕ್‌ಶಾಪಿನ ಕೆಲಸ ಎನ್ನಬಹುದು, ಇಸವಿ ಬರೆಯಲು ಅದು ಸಾಲದು.

ಹೋಲಿಕೆಗೆಂದು ಚಿಂಚೋಳಿಯ ಕಡೆ ಒಬ್ಬ ಕಂಬಾರರ ಕುಲುಮೆಗೂ ಹೋಗಿದ್ದೆವು. ಅಲ್ಲಿದ್ದದ್ದು ಕಾಲಿನ ವೈಸ್. ಒಂದು ಕಾಲು ನೆಲದೊಳಗೆ ಇಳಿದಿರುತ್ತದೆ, ಸುತ್ತಿಗೆಯ ಏಟು ಆ ಕಾಲಿನ ಮೂಲಕ ನೆಲಕ್ಕೆ ಹೋಗುತ್ತದೆ. ಅದು ಬಡಿದು ಮಾಡಿದ ಕಬ್ಬಿಣದ್ದು, ಏಟು ತಿನ್ನಲೆಂದೇ ಹುಟ್ಟಿದ್ದು. ಫಿಟ್ಟರನ ಬೆಂಚ್ ವೈಸ್ ಬೀಡಿನದು. ಬೀಡು ಒತ್ತಡ ತಾಳುತ್ತದೆ, ಏಟು ತಾಳುವುದಿಲ್ಲ. ಅದರ ಕೆಲಸ ಅಲುಗಾಡದೆ ಹಿಡಿಯುವುದು. ಬಡಿಯುವ ಕಸುಬಿನಿಂದ ಅರ ಹಾಕಿ ಕೂಡಿಸುವ ಕಸುಬಿಗೆ ಈ ಭಾಗ ಹೊರಳಿದ ಕಥೆ ಈ ಎರಡು ವೈಸುಗಳ ನಡುವೆ ಇದೆ.

ಇಂಡಿಯಾದಲ್ಲೇ ವೈಸ್ ಎರಕ ಹೊಯ್ಯುವ ಶಕ್ತಿ ಯಾರಿಗಿತ್ತು ಎಂದು ಕೇಳಿದರೆ ಉತ್ತರಕ್ಕೆ ದೂರ ಹೋಗಬೇಕಿಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲೇ ಕಿರ್ಲೋಸ್ಕರವಾಡಿಯಲ್ಲಿ ನೇಗಿಲು ಎರಕ ಹೊಯ್ಯುವ ಕಾರ್ಖಾನೆ ಕಟ್ಟಿದ್ದರು. ಎರಡನೆಯ ಮಹಾಯುದ್ಧ ಶುರುವಾಗಿ ವಿಲಾಯತಿ ಮಾಲು ಬರುವುದು ಕಷ್ಟವಾದಾಗ ಇಲ್ಲಿನ ಉಪಕರಣ ತಯಾರಿಕೆಗೆ ಕಸುವು ಬಂತು. 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್, 1943ರಲ್ಲಿ ನಿಜಾಮರ ರಾಜ್ಯದೊಳಗೇ, ಸಿಕಂದರಾಬಾದಿನಲ್ಲಿ ಪ್ರಾಗಾ ಟೂಲ್ಸ್ ಹುಟ್ಟಿದವು. ಸ್ವಾತಂತ್ರ್ಯದ ನಂತರ ಪಂಜಾಬಿನ ಬಟಾಲಾದ ಫೌಂಡ್ರಿಗಳು, ಜಲಂಧರದ ಕೈ ಉಪಕರಣಗಳು ದೇಶದ ತುಂಬ ಹರಡಿದವು. ದೊಡ್ಡ ಕಂಪನಿಗಳು ತಮ್ಮ ಹೆಸರು ಹಾಕುತ್ತಿದ್ದವು. ಹೆಸರಿಲ್ಲದವು ಬಂದದ್ದು ಇವುಗಳ ನೆರಳಿನಲ್ಲಿದ್ದ ಚಿಕ್ಕ ಫೌಂಡ್ರಿಗಳಿಂದ. ಅಲ್ಲಿ ಬೇರೆಯವರ ವೈಸನ್ನು ಮರಳಿನಲ್ಲಿ ಒತ್ತಿದವನನ್ನು ಕಳ್ಳ ಎನ್ನಬಹುದು. ಆದರೆ ವಿಲಾಯತಿ ವೈಸಿನ ಬೆಲೆ ಕೊಡಲಾಗದ ನೂರಾರು ಗ್ಯಾರೇಜು, ಕಲ್ಲಿನ ಗಣಿ, ಸೈಕಲ್ ಅಂಗಡಿಗಳಿಗೆ ಹಿಡಿತ ಕೊಟ್ಟವನೂ ಅವನೇ. ಬೇರೆಯವನ ಹೆಸರನ್ನು ಮುಚ್ಚಿದ, ಸುಳ್ಳು ಹೆಸರನ್ನು ಬರೆಯಲಿಲ್ಲ ಎಂಬುದನ್ನೂ ಗಮನಿಸಬೇಕು.

ಎರಕದ ಕಥೆ ಅಲ್ಲಿಗೆ ಮುಗಿಯಿತು. ಅದರ ಮೇಲೆ ಶಹಾಬಾದ್ ಮತ್ತು ವಾಡಿಯ ಕಥೆ ಬೇರೆಯೇ ಇತ್ತು. ದವಡೆಯ ಉಕ್ಕಿನ ಪಟ್ಟಿಗಳು ಮೂಲದವಲ್ಲ, ಲಾರಿಯ ಕಮಾನು ಪಟ್ಟಿಯನ್ನು ಕೊಯ್ದು, ಅಡ್ಡಡ್ಡ ಗೆರೆ ಹಾಕಿ, ಹದ ಕೊಟ್ಟು ಕೂಡಿಸಿದವು. ಬುಡದ ಒಂದು ಕಿವಿ ಎಂದೋ ಮುರಿದಿತ್ತು. ತೊಳೆದಾಗ ಅಲ್ಲಿ ತೆಳುವಾದ ಹಳದಿ ಗೆರೆ ಹೊಳೆಯಿತು, ಹಿತ್ತಾಳೆ ಕರಗಿಸಿ ಬೆಸೆದ ಗುರುತು. ಬೀಡನ್ನು ಬೆಸೆಯುವುದು ಸುಲಭವಲ್ಲ, ಮೊದಲು ಇಡೀ ತುಂಡನ್ನು ಕಾಯಿಸಬೇಕು, ಆಮೇಲೆ ಬೂದಿಯಲ್ಲಿಟ್ಟು ನಿಧಾನ ಆರಿಸಬೇಕು, ಇಲ್ಲದಿದ್ದರೆ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಆ ಬೆಸುಗೆ ಇಂದಿಗೂ ಗಟ್ಟಿ. ಎಡ ದವಡೆಯ ಹೆಗಲ ಮೇಲೆ ಹ್ಯಾಕ್ಸಾ ಜಾರಿದ ಗೀರುಗಳು ಒಂದೇ ಓರೆಯಲ್ಲಿದ್ದವು. ಕಾಕಾ ಅವನ್ನು ಬೆರಳಲ್ಲಿ ಸವರಿ, "ನಮ್ಮಪ್ಪ ಎಡಚ ಇದ್ದ" ಅಂದರು. ಯಾವ ಹಾಜರಿ ಪುಸ್ತಕದಲ್ಲೂ ಇದು ಸಿಗುವುದಿಲ್ಲ.

ಹಾಗಾಗಿ ಈ ಗುರುತುಗಳನ್ನು ಅಳಿಸಬಾರದು ಎಂದು ತೀರ್ಮಾನಿಸಿದೆವು. ಹೊಸ ಬಣ್ಣ ಬಳಿಯಲಿಲ್ಲ, ತೆಳುವಾಗಿ ಎಣ್ಣೆ ಸವರಿದೆವು. ಆದರೆ ನಟ್ಟಿನೊಳಗಿನ ಎಳೆ ಅರ್ಧಕ್ಕೂ ಹೆಚ್ಚು ಸವೆದು, ಹಿಡಿಕೆ ಕಾಲು ಸುತ್ತು ಖಾಲಿಯೇ ತಿರುಗುತ್ತಿತ್ತು. ಕೆಲಸಕ್ಕೆ ಬೇಕಾದ ವಸ್ತುವನ್ನು ಗಾಜಿನ ಪೆಟ್ಟಿಗೆಗೆ ಸೇರಿಸುವ ಹಕ್ಕು ನನಗಿಲ್ಲ. ಶಹಾಬಾದಿನ ಲೇತ್ ಅಂಗಡಿಯಲ್ಲಿ ಹೊಸ ನಟ್ ಕಡೆಸಿ ಹಾಕಿದೆವು, ಹಳೆಯ ನಟ್ಟಿಗೆ ಚೀಟಿ ಕಟ್ಟಿ ಡಬ್ಬಿಯಲ್ಲಿಟ್ಟೆವು.

ಕೊನೆಗೆ ಬರೆದುಕೊಡುವ ದಿನ ಬಂತು. ನಾನು ಬರೆದದ್ದು ಇಷ್ಟು: ಇದು ನಾಲ್ಕೂವರೆ ಇಂಚಿನ, ಬೀಡಿನ ಬೆಂಚ್ ವೈಸ್. ಹೆಸರುಳ್ಳ ಇನ್ನೊಂದು ವೈಸನ್ನೇ ಮಾದರಿಯಾಗಿಟ್ಟು ಎರಕ ಹೊಯ್ದದ್ದು, ಥ್ರೆಡ್ ವಿಟ್‌ವರ್ತ್ ಕ್ರಮದ್ದು. ಇಂಗ್ಲೆಂಡಿನ ಹೆಸರಾಂತ ತಯಾರಕರ ಕೆಲಸ ಎಂದು ಹೇಳಲು ಆಧಾರವಿಲ್ಲ. ದವಡೆ ಪಟ್ಟಿ, ಬುಡದ ಬೆಸುಗೆ ಮತ್ತು ನಟ್ ಈ ಭಾಗದ ಕೆಲಸಗಾರರವು.

ಕಾಕಾ ಅದನ್ನು ಎರಡು ಸಲ ಓದಿಸಿ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಸಾಹೇಬ ಕೊಟ್ಟಿದ್ದು ಸುಳ್ಳಾ?" ಅಂದರು. ಕೊಟ್ಟಿರಬಹುದು ಕಾಕಾ, ಸಾಹೇಬರ ಹತ್ತಿರವೂ ಇಂಥದ್ದೇ ಇದ್ದಿರಬಹುದು, ಅಂದೆ. "ಇರಲಿ. ನಮ್ಮಂಥೋರೇ ಯಾರೋ ಮಾಡ್ಯಾರ" ಅಂದರು. ಹೈದರಾಬಾದಿನವರು ಚೀಟಿಯ ಫೋಟೋ ನೋಡಿದ ಮೇಲೆ ಮತ್ತೆ ಫೋನ್ ಮಾಡಲಿಲ್ಲ. ಫೀಸನ್ನು ಕಾಕಾ ಸೊಸೈಟಿಯಲ್ಲಿ ಸಾಲ ತೆಗೆದು ಕಟ್ಟಿದರು. ನಾನು ಬರೆದ ಎರಡು ಸಾಲಿನ ಬೆಲೆ ಆ ಸಾಲದ ಬಡ್ಡಿ. ಅದನ್ನು ಮುಚ್ಚಿಟ್ಟು ಸತ್ಯದ ಹಿರಿಮೆಯನ್ನು ಮಾತ್ರ ಹೇಳಿದರೆ ಈ ಬರಹವೂ ಸುಳ್ಳಾಗುತ್ತದೆ.

ಈ ಪಟ್ಟಿಯ ಹಳೆಯ ವರ್ಕ್‌ಶಾಪುಗಳು ಒಂದೊಂದಾಗಿ ಮುಚ್ಚಿವೆ, ಮುಚ್ಚುತ್ತಿವೆ. ಅವುಗಳ ಬೆಂಚು, ವೈಸು, ಗೇಜುಗಳು ಗುಜರಿಯ ತಕ್ಕಡಿಯ ಮೂಲಕ ಭಟ್ಟಿಗೆ ಹೋಗುತ್ತಿವೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಅಂಥದ್ದೊಂದು ಇದ್ದರೆ ಮಾರುವ ಮುಂಚೆ ಒಂದು ಮಧ್ಯಾಹ್ನ ಕೊಡಿ. ನಾಲ್ಕೂ ಮಗ್ಗುಲ ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲು ಇಟ್ಟು. ಯಂತ್ರ ತಾಗದ ಮೂರು ಜಾಗ ಅಳೆಯಿರಿ. ಒಂದು ಇಂಚಿನಲ್ಲಿ ಎಷ್ಟು ಎಳೆ ಎಂದು ಎಣಿಸಿ. ರಿಪೇರಿಯ ಗುರುತುಗಳನ್ನು ಬರೆದಿಡಿ. ಅದನ್ನು ಹಿಡಿದು ದುಡಿದವರ ಹೆಸರನ್ನು, ಅವರು ಎಡಚರೋ ಬಲಚರೋ ಎಂಬುದನ್ನೂ ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ವೈಸಿನ ಮೇಲೆ ಹೆಸರಿಲ್ಲದಿದ್ದರೂ ನಿಮ್ಮ ನೋಟ್‌ಬುಕ್ಕಿನಲ್ಲಿ ಒಂದು ಹೆಸರು ಇರುತ್ತದೆ.